ಒಂದಡಿ ನೀರು, ಏಳೂವರೆ ಕ್ವಿಂಟಲ್ ಕಾರು

ಹೊಳೆಮಣ್ಣೂರ ಮಲಪ್ರಭೆಯ ದಂಡೆಯಲ್ಲಿರುವ ಊರು. 2009ರಲ್ಲಿ ಹೊಳೆ ಊರೊಳಗೆ ಬಂದಿತ್ತು, 2019ರ ಆಗಸ್ಟ್‌ನಲ್ಲಿ ಮತ್ತೆ ಬಂತು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಬೆಣ್ಣಿಹಳ್ಳ ಸೊಕ್ಕಿದಾಗ ರೋಣ-ನರಗುಂದದ ಕಡೆಯ ಎಷ್ಟೋ ಸೇತುವೆಗಳು ಮುಳುಗುತ್ತವೆ. ಆಗ "ಒಂದಡಿ ನೀರೈತಿ, ದಾಟಸ್ರಿ, ಏನಾಗ್ತದ" ಎನ್ನುವವರೊಬ್ಬರು ಇದ್ದೇ ಇರುತ್ತಾರೆ.

ಲೆಕ್ಕ ಹಾಕಿಯೇ ನೋಡಬಹುದು.

ಸಣ್ಣ ಕಾರೊಂದು ಸುಮಾರು 750 ಕೆ.ಜಿ. ಎಂದುಕೊಳ್ಳೋಣ. ಅದರ ತಳ ನೆಲದಿಂದ 16 ಸೆಂ.ಮೀ. ಮೇಲಿದೆ, ತಳದ ಹರವು ಹೆಚ್ಚುಕಡಿಮೆ 5 ಚದರ ಮೀಟರ್. ನೀರು ತಳ ಮುಟ್ಟಿ ಮೇಲೇರತೊಡಗಿದರೆ ಪ್ರತಿ ಸೆಂಟಿಮೀಟರಿಗೆ 50 ಕೆ.ಜಿ. ಭಾರವನ್ನು ಅದೇ ಹೊರುತ್ತದೆ. ತಳದ ಮೇಲೆ 15 ಸೆಂ.ಮೀ. ಏರಿದರೆ ಮುಗಿಯಿತು, ನೀರು ಒಳನುಗ್ಗುವವರೆಗೆ ಕಾರು ತೇಲುತ್ತದೆ. ಒಟ್ಟು ಆಳ 31 ಸೆಂ.ಮೀ., ಅಂದರೆ ಒಂದಡಿ! ಒಳಗೆ ನಾಲ್ಕು ಜನ ಕೂತಿದ್ದರೆ ಇನ್ನು ಮೂರು ಬೆರಳು ನೀರು ಹೆಚ್ಚು ಬೇಕು, ಅಷ್ಟೇ.

ಆದರೆ ತೇಲುವವರೆಗೆ ಹೊಳೆ ಕಾಯುವುದಿಲ್ಲ. ಟೈರು ರಸ್ತೆಯನ್ನು ಹಿಡಿಯುವುದು ಕಾರು ನೆಲವನ್ನು ಒತ್ತುವುದರಿಂದ. ಒಣ ಡಾಂಬರಿನ ಮೇಲೆ ಈ ಕಾರಿನ ತೂಕ 7350 ನ್ಯೂಟನ್, ಟೈರಿನ ಹಿಡಿತ ಸುಮಾರು 5000 ನ್ಯೂಟನ್. ನೀರು 28 ಸೆಂ.ಮೀ. ಆದಾಗ 600 ಕೆ.ಜಿ. ಹೊರೆ ನೀರಿನ ಪಾಲು, ನೆಲಕ್ಕೆ ಉಳಿಯುವುದು ಬರೀ 150. ಹಿಡಿತ 1000 ನ್ಯೂಟನ್‌ಗೆ ಇಳಿಯುತ್ತದೆ, ಎರಿಮಣ್ಣಿನ ಕೆಸರು ಹರಡಿದ್ದರೆ ಅದೂ ಇಲ್ಲ. ಅತ್ತ ಸೆಕೆಂಡಿಗೆ 2 ಮೀಟರ್ ಹರಿಯುವ ನೀರು, ಮುಳುಗಿದ ಅರ್ಧ ಚದರ ಮೀಟರ್ ಮೈಯನ್ನು ಸುಮಾರು 1000 ನ್ಯೂಟನ್ ಬಲದಿಂದ ತಳ್ಳುತ್ತಿರುತ್ತದೆ. ವೇಗ 3 ಮೀಟರ್ ಆದರೆ ಆ ಬಲ ಎರಡು ಪಟ್ಟು ದಾಟುತ್ತದೆ. ಬ್ರೇಕ್ ಒತ್ತಿ ಪ್ರಯೋಜನವಿಲ್ಲ, ಗಾಲಿ ನಿಂತರೂ ಕಾರು ಪಕ್ಕಕ್ಕೆ ಜಾರುತ್ತದೆ.

ಟ್ರ್ಯಾಕ್ಟರ್ ಇದಕ್ಕಿಂತ ವಾಸಿ. ತೂಕ ಹೆಚ್ಚು ಎನ್ನುವುದಕ್ಕಿಂತ ಅದರ ಮೈ ಎತ್ತರದಲ್ಲಿದೆ, ತೇಲಿಸಲು ನೀರಿಗೆ ಪೆಟ್ಟಿಗೆ ಸಿಗುವುದಿಲ್ಲ. ಹೊಲದಲ್ಲಿ ಹಿಡಿತ ಬೇಕೆಂದು ರೈತರು ಹಿಂದಿನ ಗಾಲಿಯ ಟ್ಯೂಬಿಗೆ ನೀರು ತುಂಬಿಸುತ್ತಾರಲ್ಲ, ಅದೂ ನೆಲವನ್ನು ಒತ್ತುವ ಉಪಾಯವೇ.

ಇಷ್ಟೆಲ್ಲ ಆದರೂ ತೇಲಿದ ಕಾರಿನಲ್ಲಿ ಒಂದು ಗ್ರಾಂ ಕೂಡ ಕಡಿಮೆಯಾಗಿರುವುದಿಲ್ಲ. ಶಾಲೆಯಲ್ಲಿ ದ್ರವ್ಯರಾಶಿ ಎಂದು ಕಲಿತದ್ದು ಈ ಬದಲಾಗದ ಮೊತ್ತವನ್ನೇ. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರ್ 26 ಕೆ.ಜಿ.ಯದು. ಅಲ್ಲಿ ಅದರ ತೂಕ ಭೂಮಿಯಲ್ಲಿದ್ದುದರ ಆರನೇ ಒಂದು ಪಾಲು, ದ್ರವ್ಯರಾಶಿ ಮಾತ್ರ ಅದೇ 26. ತೇಲುವ ಕಾರಿನದೂ ಹಾಗೆಯೇ 750. ಅದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೋಗಿ ಸೇತುವೆಯ ಕಂಬಕ್ಕೆ ಬಡಿದು 10 ಸೆಂ.ಮೀ. ನಜ್ಜುಗುಜ್ಜಾಗಿ ನಿಂತರೆ, ಆ ಹೊಡೆತ ಸರಾಸರಿ 33,750 ನ್ಯೂಟನ್. ಕಂಬದ ಮೇಲೆ ಸುಮಾರು ಮೂರೂವರೆ ಟನ್ ಹೇರಿದಷ್ಟು.