ಪಕ್ಕೆಲುಬಿನ ನೋವೂ ಬೆನ್ನಿನ ಸೂಜಿಯೂ

ಕಾರವಾರದ ಶಿರವಾಡ ರೈಲು ನಿಲ್ದಾಣದಲ್ಲಿ ಮಂಗಳೂರಿನ ಗಾಡಿಗಾಗಿ ಕಾದು ಕುಳಿತವರ ನಡುವೆ, ಎಕ್ಸ್‌ರೇ ಲಕೋಟೆಯನ್ನು ಕಂಕುಳಲ್ಲಿ ಅವುಚಿಕೊಂಡವರು ಒಬ್ಬರಿಬ್ಬರಾದರೂ ಇದ್ದೇ ಇರುತ್ತಾರೆ. ಕಾರವಾರದಲ್ಲಿ ವೈದ್ಯಕೀಯ ಮಹಾವಿದ್ಯಾಲಯವಿದ್ದರೂ ದೊಡ್ಡ ಶಸ್ತ್ರಕ್ರಿಯೆಗೆಂದು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವೆಗಳ ದಾರಿ ಹಿಡಿಯುವುದು ಈ ಕರಾವಳಿಯವರಿಗೆ ಹಳೆಯ ಅಭ್ಯಾಸ. ತೆಂಗಿನಮರದಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡವನಿಗೆ ಮನೆಯ ಹಿರಿಯರು ಹೇಳಿ ಕಳುಹಿಸುವ ಮಾತೂ ಅಷ್ಟೇ ಹಳೆಯದು: “ತಮಾ, ಬೆನ್ನಿಗೆ ಮಾತ್ರ ಸೂಜಿ ಹಾಕಿಸ್ಕೊಳ್ಬೇಡ, ಆಮೇಲೆ ಬೆನ್ನು ಹೋಯ್ತು ಅಂತಲೇ ಲೆಕ್ಕ.”

ವಾತ್ಸಲ್ಯದಿಂದ ಹುಟ್ಟಿದ ಮಾತಾದರೂ ಇದು ನಿಜವಲ್ಲ. ಪ್ರತಿಯೊಂದು ಪಕ್ಕೆಲುಬಿನ ಕೆಳ ಅಂಚಿನ ಮರೆಯಲ್ಲಿ ಒಂದು ಅಭಿಧಮನಿ, ಒಂದು ಅಪಧಮನಿ, ಒಂದು ನರ ಜೊತೆಯಾಗಿ ಸಾಗುತ್ತವೆ. ಎದೆಗೆ ನಳಿಕೆ ಇಡುವ ವೈದ್ಯನು ಇವುಗಳನ್ನು ತಪ್ಪಿಸಲೆಂದೇ ಎಲುಬಿನ ಮೇಲಂಚನ್ನು ಹಿಡಿದು ಒಳಹೋಗುತ್ತಾನೆ, ನೋವನ್ನು ತಡೆಯಬೇಕೆಂಬ ಅರಿವಳಿಕೆ ತಜ್ಞನು ಆ ನರವನ್ನೇ ಅರಸಿಕೊಂಡು ಕೆಳಂಚಿಗೆ ಬರುತ್ತಾನೆ. ಆಸ್ಪತ್ರೆಯವರು ‘ಬ್ಲಾಕ್’ ಎನ್ನುವುದು ಮದ್ದಿನಿಂದ ನರಕ್ಕೆ ಜೋಮು ಹಿಡಿಸುವ ಈ ಕ್ರಮವನ್ನೇ. ಕೆನಡಾದ ಮಾರಿಸಿಯೊ ಫೊರೆರೊ ಮತ್ತು ಸಂಗಡಿಗರು 2016ರಲ್ಲಿ ವಿವರಿಸಿದ ವಿಧಾನದಲ್ಲಿಯಂತೂ, ಅಲ್ಟ್ರಾಸೌಂಡ್ ಪರದೆಯನ್ನು ನೋಡುತ್ತ, ಬೆನ್ನೆಲುಬಿನ ಪಕ್ಕದ ಸ್ನಾಯುವಿಗೂ ಅದರ ಕೆಳಗಿನ ಎಲುಬಿಗೂ ನಡುವೆ ಮದ್ದನ್ನು ಹರಡುತ್ತಾರೆ. ಸೂಜಿಯು ಮಿದುಳುಬಳ್ಳಿ ಇರುವ ಎಲುಬಿನ ಕೊಳವೆಯನ್ನು ಪ್ರವೇಶಿಸುವುದೇ ಇಲ್ಲ. ಎಪಿಡ್ಯೂರಲ್ ಎಂಬ ಇನ್ನೊಂದು ವಿಧಾನದಲ್ಲಿ ಪ್ರವೇಶಿಸುತ್ತದೆ, ನಿಜ. ಆದರೆ ಅಲ್ಲಿಯೂ ಅದು ನಿಲ್ಲಬೇಕಾದದ್ದು ಬಳ್ಳಿಯ ಹೊದಿಕೆಯ ಹೊರಗೆ. ಚುಚ್ಚಿದ ಜಾಗ ನಾಲ್ಕು ದಿನ ನೊಂದೀತು. ಜೋಮು ಕೆಲವು ಗಂಟೆಗಳಲ್ಲಿ ತಾನಾಗಿ ಇಳಿಯುತ್ತದೆ. ಹೆಚ್ಚು ದಿನ ಬೇಕಾದರೆ ಕೂದಲೆಳೆಯಂಥ ನಳಿಕೆಯ ಮೂಲಕ ಮದ್ದನ್ನು ಹರಿಸುತ್ತಲೇ ಇರಬೇಕಾಗುತ್ತದೆ.

ನೋವನ್ನು ಹಲ್ಲುಕಚ್ಚಿ ಸಹಿಸುವುದೇ ಗಂಡಸುತನವೆಂಬ ನಂಬಿಕೆಯು ಈ ಸೂಜಿಯ ಭಯಕ್ಕಿಂತ ಘಾತಕವೆಂದು ನನ್ನ ಅಭಿಪ್ರಾಯ. ನೋಯುವ ಎದೆಯವನು ಆಳವಾಗಿ ಉಸಿರೆಳೆಯನು, ಕೆಮ್ಮನು. ಕಫವು ಒಳಗೇ ನಿಂತು, ಶ್ವಾಸಕೋಶದ ಭಾಗಗಳು ಮುದುಡಿ, ನ್ಯುಮೋನಿಯಾಕ್ಕೆ ಎಡೆಯಾಗುತ್ತದೆ. ವೃದ್ಧರಲ್ಲಿ ಮುರಿದ ಎಲುಬಿಗಿಂತ ಪ್ರಾಣಕ್ಕೆ ಎರವಾಗುವುದು ಇದೇ. ಎದೆಗೆ ಬಟ್ಟೆ ಬಿಗಿದು ಕಟ್ಟುವ ಪದ್ಧತಿಯೂ ಉಸಿರನ್ನು ಕುಗ್ಗಿಸಿ ಇದೇ ಕೇಡನ್ನು ತರುತ್ತದೆ. ಹಾಸಿಗೆಯ ಬಳಿ ಮೂರು ಬಣ್ಣದ ಗುಂಡುಗಳ ಪ್ಲಾಸ್ಟಿಕ್ ಸಾಧನವೊಂದನ್ನು ಇಟ್ಟಿರುತ್ತಾರೆ. ಅನೇಕರು ಅದನ್ನು ಊದುತ್ತಾರೆ, ಮಾಡಬೇಕಾದದ್ದು ಉಸಿರನ್ನು ಒಳಗೆಳೆಯುವುದು. ಒಂದು ಗುಂಡನ್ನೂ ಅಲುಗಿಸಲಾರದೆ ಪಕ್ಕೆ ಹಿಡಿದುಕೊಂಡು ಕುಳಿತವನು, ಬ್ಲಾಕ್ ಕೊಟ್ಟ ಅರ್ಧ ತಾಸಿನಲ್ಲಿ ಎರಡನೆಯದನ್ನು ಎತ್ತುವಂತಾದರೆ, ಸೂಜಿ ಹಾಕಿದ ಉದ್ದೇಶ ಮನೆಯವರಿಗೆ ಕಣ್ಣಿಗೇ ಕಾಣುತ್ತದೆ.

ಹಾಗೆಂದು ಇದು ನಿರಪಾಯವೆಂದಾಗಲಿ, ಎದೆ ತೆರೆಯುವಾಗ ಪೂರ್ಣ ಅರಿವಳಿಕೆಯೇ ಬೇಡವೆಂದಾಗಲಿ ಭಾವಿಸಬಾರದು. ಅಲ್ಲಿ ಬ್ಲಾಕ್ ಜೊತೆಗಾರ ಮಾತ್ರ. ಅಪರೂಪಕ್ಕೆ ಸೂಜಿ ಶ್ವಾಸಕೋಶವನ್ನು ತಾಗೀತು. ಪಕ್ಕೆಲುಬುಗಳ ನಡುವಿನಿಂದ ಮದ್ದು ರಕ್ತಕ್ಕೆ ಬೇಗ ಸೇರುವುದರಿಂದ ದೇಹದ ತೂಕವನ್ನು ನೋಡಿಯೇ ಪ್ರಮಾಣವನ್ನು ನಿರ್ಧರಿಸುತ್ತಾರೆ; ತುಟಿ ಜೋಮು ಹಿಡಿದರೆ, ಕಿವಿಯಲ್ಲಿ ಗುಂಯ್‌ಗುಟ್ಟಿದರೆ ರೋಗಿಯು ತಕ್ಷಣ ಹೇಳಬೇಕು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಅದರ ಚೀಟಿಯನ್ನು ಗಾಡಿ ಹತ್ತುವ ಮುನ್ನವೇ ಆ ಎಕ್ಸ್‌ರೇ ಲಕೋಟೆಯೊಳಗೆ ಸೇರಿಸಿಡಲಿ. ಅರಿವಳಿಕೆ ತಜ್ಞರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.