ಬೆಳಕಿನ ಮಿತವ್ಯಯ

ಹಳೆಯ ಅನಂತಪುರ ಜಿಲ್ಲೆಯ ರಾಯದುರ್ಗ, ಮಡಕಶಿರಾ ಸೀಮೆಗಳ ಮಳೆಯಾಶ್ರಿತ ಹೊಲಗಳಲ್ಲಿ ಕಡಲೆಕಾಯಿ ಬೆಳೆ ಹಸುರಾಗಿಯೇ ಕಾಣುತ್ತಿದ್ದರೂ, ಮಳೆ ಕೈಕೊಟ್ಟು ಕೆಲವು ವಾರಗಳು ಕಳೆದಿದ್ದರೆ, ಎಲೆಯೊಳಗಿನ ಪತ್ರಹರಿತ್ತು ಆಗಲೇ ಕ್ಷೀಣಿಸತೊಡಗಿರಬಹುದೆಂಬುದು ರೈತನ ಕಣ್ಣಿಗೆ ಗೋಚರವಾಗದು. ಏಕೆಂದರೆ ಮನುಷ್ಯನ ಕಣ್ಣು ಸಮಸ್ತ ವರ್ಣಗಳನ್ನೂ ಮೂರೇ ಬಗೆಯ ಗ್ರಾಹಕಗಳಿಂದ ಅಳೆಯುತ್ತದೆ.

ಹೈಪರ್‌ಸ್ಪೆಕ್ಟ್ರಲ್ ಎಂಬ ಬಾಯಿತುಂಬುವ ಹೆಸರಿನ ಕ್ಯಾಮೆರಾ ಚಿತ್ರದ ಪ್ರತಿಯೊಂದು ಬಿಂದುವಿನ ಬೆಳಕನ್ನೂ ನೂರಾರು ಕಿರಿದಾದ ಪಟ್ಟಿಗಳಾಗಿ ಬಿಡಿಸುತ್ತದೆ. 680 ನ್ಯಾನೋಮೀಟರಿನ ಆಸುಪಾಸಿನ ಕೆಂಬೆಳಕನ್ನು ಹೀರುವ ಎಲೆಯು 700ನ್ನು ದಾಟುತ್ತಲೇ ಅಗೋಚರವಾದ ಅವಕೆಂಪನ್ನು ಹೇರಳವಾಗಿ ಪ್ರತಿಫಲಿಸುವುದಷ್ಟೆ. ಪತ್ರಹರಿತ್ತು ಕುಂದಿದಂತೆಲ್ಲ ಪ್ರತಿಫಲನದ ಈ ಏರಿನ ಸ್ಥಾನ ಕೆಲವೇ ನ್ಯಾನೋಮೀಟರುಗಳಷ್ಟು ಹಿಂದಕ್ಕೆ ಸರಿಯುತ್ತದೆ. ಅಂತೆಯೇ ಕೆಮ್ಮಣ್ಣಿನ ಕಬ್ಬಿಣದ ಆಕ್ಸೈಡು 900ರ ಸಮೀಪದಲ್ಲಿಯೂ, ಜೇಡಿಯ ಖನಿಜಗಳು 2200ರ ಬಳಿಯಲ್ಲಿಯೂ ತಮ್ಮ ಗುರುತನ್ನು ಬಿಟ್ಟಿರುತ್ತವೆ. ಇಸ್ರೋ 2018ರ ನವೆಂಬರ್ 29ರಂದು ಕಕ್ಷೆಗೇರಿಸಿದ ಹೈಸಿಸ್ ಉಪಗ್ರಹವೂ, ಬೆಂಗಳೂರಿನ ಪಿಕ್ಸೆಲ್ ಕಂಪೆನಿ 2025ರ ಜನವರಿಯಲ್ಲಿ ಕಳುಹಿಸಿದ ಫೈರ್‌ಫ್ಲೈ ಉಪಗ್ರಹಗಳೂ ಇಂತಹ ಗುರುತುಗಳನ್ನು ಅರಸುವುದಕ್ಕಾಗಿಯೇ ಹುಟ್ಟಿದವು.

ತೊಡಕಿರುವುದು ಬೆಳಕಿನ ದಾರಿದ್ರ್ಯದಲ್ಲಿ. ರೂಢಿಯ ಯಂತ್ರದ ಸಪೂರವಾದ ಸೀಳುಗಂಡಿ ದೃಶ್ಯದ ಒಂದೇ ಗೆರೆಯ ಬೆಳಕನ್ನು ಒಳಗೆ ಬಿಟ್ಟು, ಮಿಕ್ಕುದನ್ನೆಲ್ಲ ಹೊರಗೇ ತಡೆಯುತ್ತದೆ. ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ನೆಲವನ್ನು ಹಿಂದೆ ಹಾಕುವ ಉಪಗ್ರಹಕ್ಕೆ 5 ಮೀಟರ್ ಅಗಲದ ಗೆರೆಯೊಂದನ್ನು ದಾಟಲು ಸೆಕೆಂಡಿನ ಸಾವಿರದಲ್ಲೊಂದಂಶವೂ ಹಿಡಿಯದು; ಅಷ್ಟರಲ್ಲಿ ದಕ್ಕಿದ ಬೆಳಕನ್ನು 150 ಪಾಲು ಮಾಡಿದರೆ ಒಂದೊಂದು ಪಾಲಿಗೆ ಬರುವುದಾದರೂ ಎಷ್ಟು!

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬ್ರಾಡಿ ಮತ್ತು ಅವರ ಸಹೋದ್ಯೋಗಿಗಳು 2007ರ ಸುಮಾರಿಗೆ ಬೇರೊಂದು ಮಾರ್ಗ ಹಿಡಿದರು. ಸೀಳುಗಂಡಿಯ ಸ್ಥಾನದಲ್ಲಿ, ಹಳೆಯ ಮನೆಗಳ ಜಾಲಂಧ್ರವನ್ನು ಹೋಲುವ, ತೆರೆದ ಮತ್ತು ಮುಚ್ಚಿದ ಸೂಕ್ಷ್ಮ ಚೌಕಗಳ ಫಲಕವನ್ನಿಟ್ಟರೆ ಹೆಚ್ಚುಕಡಮೆ ಅರ್ಧದಷ್ಟು ಬೆಳಕು ಒಳಬರುತ್ತದೆ. ಗಾಜಿನ ಪಟ್ಟಕವು ಒಂದೊಂದು ವರ್ಣವನ್ನೂ ಒಂದಿಷ್ಟು ಪಕ್ಕಕ್ಕೆ ಜರುಗಿಸಲಾಗಿ, ಒಂದರ ಮೇಲೊಂದು ಬಿದ್ದ ಕಲಸುಮೇಲೋಗರದ ಚಿತ್ರ ಒಂದೇ ಸಲಕ್ಕೆ ಸೆರೆಯಾಗುತ್ತದೆ. ಯಾವ ಚೌಕ ತೆರೆದಿತ್ತು, ಯಾವುದು ಮುಚ್ಚಿತ್ತು ಎಂಬುದು ಮೊದಲೇ ಗೊತ್ತಿರುವ ಕಾರಣ ಗಣಕಯಂತ್ರವು ಆ ಸಿಕ್ಕನ್ನು ಬಿಡಿಸಿ, ವರ್ಣವರ್ಣದ ಚಿತ್ರವನ್ನೂ ಮರಳಿ ಕಟ್ಟುತ್ತದೆ. ಸಂವೇದಕದ ಮೇಲೆಯೇ ವರ್ಣಶೋಧಕಗಳನ್ನು ಲೇಪಿಸುವ ಇನ್ನೊಂದು ವಿಧಾನ ಕ್ಯಾಮೆರಾದ ಗಾತ್ರವನ್ನೇನೋ ಕುಗ್ಗಿಸಿತು; ಆದರೆ ಒಂದೊಂದು ಶೋಧಕವೂ ತನ್ನದಲ್ಲದ ವರ್ಣವನ್ನು ತಿರಸ್ಕರಿಸುವುದರಿಂದ ಬೆಳಕಿನ ಬಡತನ ಅಲ್ಲಿ ನೀಗಲಿಲ್ಲ.

ಜಾಲಂಧ್ರದ ಉಪಾಯ ಸೊಗಸಾದುದೆಂಬುದರಲ್ಲಿ ಸಂದೇಹವಿಲ್ಲ. ನನ್ನ ಶಂಕೆಯೆಲ್ಲ ಲೆಕ್ಕದ ವಿಷಯದಲ್ಲಿ. ಅಳೆದ ಸಂಖ್ಯೆಗಳಿಗಿಂತ ಕಂಡುಹಿಡಿಯಬೇಕಾದ ಸಂಖ್ಯೆಗಳೇ ಅಧಿಕವಾಗಿರುವಲ್ಲಿ, ನೆರೆಹೊರೆಯ ಬಿಂದುಗಳು ಬಹುಮಟ್ಟಿಗೆ ಒಂದೇ ತೆರನಾಗಿರುವುವೆಂದು ಗಣಿತ ಊಹಿಸಿಕೊಳ್ಳಬೇಕಾಗುತ್ತದೆ. ಸಾಲುಸಾಲಿನ ನಡುವೆ ಕೆಮ್ಮಣ್ಣು ಇಣುಕುವ ವಿರಳ ಪೈರಿನಲ್ಲಿ ಈ ಊಹೆ ಎಡವಿ, ನಾವು ಹುಡುಕುತ್ತಿದ್ದ ಆ ಕೆಲವೇ ನ್ಯಾನೋಮೀಟರುಗಳ ಸರಿತವನ್ನೇ ಒರಸಿಹಾಕುವ ಸಂಭವವುಂಟು. ಆದಕಾರಣ ಅಂತರಿಕ್ಷದ ಚಿತ್ರವನ್ನು ನಂಬುವ ಮುನ್ನ ಯಾರಾದರೊಬ್ಬರು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗಿನ ನಿಚ್ಚಳ ಬಿಸಿಲಿನಲ್ಲಿ ವರ್ಣಮಾಪಕವನ್ನು ಹಿಡಿದು ಹೊಲಕ್ಕಿಳಿದು, ಮೊದಲು ಹೋಲಿಕೆಗೆಂದು ಬಿಳಿಯ ಫಲಕದ, ಆಮೇಲೆ ಎಲೆಯ, ಆಮೇಲೆ ಬರಿಯ ಮಣ್ಣಿನ ಬೆಳಕನ್ನು ಪ್ರತ್ಯೇಕ ಪ್ರತ್ಯೇಕವಾಗಿ ಅಳೆದು ತರಬೇಕು.