ಬಡಕಲು ಮರಿಗೆ ಕಾಳಲ್ಲ, ಹುಲ್ಲು

ಗಿನಿಪಿಗ್ ಮರಿ ಇಲಿಮರಿಯ ಹಾಗೆ ಕಣ್ಣುಮುಚ್ಚಿ, ಬೋಳುಮೈಯಲ್ಲಿ ಹುಟ್ಟುವುದಿಲ್ಲ. ತಾಯ ಹೊಟ್ಟೆಯಲ್ಲಿ ಎರಡು ತಿಂಗಳು ದಾಟಿಸಿ, ಕೂದಲು, ತೆರೆದ ಕಣ್ಣು, ಮೂಡಿದ ಹಲ್ಲಿನೊಂದಿಗೇ ಹೊರಬರುತ್ತದೆ. ಆಗ ಅದರ ತೂಕ ಸಾಮಾನ್ಯವಾಗಿ 70ರಿಂದ 100 ಗ್ರಾಂ. ಒಂದೆರಡು ದಿನದಲ್ಲೇ ತಾಯಿಯ ಪಕ್ಕ ಕೂತು ಹುಲ್ಲು ಕಡಿಯಲು ಶುರುಮಾಡುತ್ತದೆ. ಹಾಗಿದ್ದರೂ ಸುಮಾರು ಮೂರು ವಾರ ಹಾಲು ಬೇಕೇ ಬೇಕು. ತಾಯಿಗಿರುವುದು ಎರಡೇ ಮೊಲೆ. ಸೂಲಿನಲ್ಲಿ ನಾಲ್ಕು ಮರಿಗಳಿದ್ದರೆ ಸಣ್ಣದು ಹಿಂದೆ ಬೀಳುವುದು ಇಲ್ಲೇ.

ತಕ್ಕಡಿ ಹೇಳುವುದು

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟಲಿಟ್ಟು, ಸೊನ್ನೆಗೆ ತಂದು, ಮರಿಯನ್ನು ಕೂರಿಸಿ. ದಿನವೂ ಅದೇ ಹೊತ್ತಿಗೆ ತೂಗಿ, ಬರೆದಿಡಿ. ಹುಟ್ಟಿದ ಮೊದಲ ಒಂದೆರಡು ದಿನ ಕೆಲವು ಗ್ರಾಂ ಇಳಿದರೆ ಹೆದರಬೇಕಿಲ್ಲ. ಆಮೇಲೆ ದಿನಕ್ಕೆ ಮೂರ್ನಾಲ್ಕು ಗ್ರಾಂ ಏರುತ್ತಿದ್ದರೆ ಮರಿ ದಾರಿಯಲ್ಲಿದೆ. ಏರಿಕೆ ನಿಂತರೆ ಅಥವಾ ಇಳಿಯತೊಡಗಿದರೆ ಕಾರಣ ಹುಡುಕಬೇಕು.

ಏನು ತಿನ್ನಿಸಬೇಕು?

ಬಡಕಲು ಮರಿ ಕಂಡರೆ ಕಾಳು, ಬಿಸ್ಕತ್ತು, ದನದ ಹಾಲು ಕೊಡೋಣ ಎನಿಸುತ್ತದೆ. ಅದರ ಕರುಳು ಇದಕ್ಕೆ ಹೊಂದಿದ್ದಲ್ಲ; ನಾರಿಲ್ಲದೆ ಹೊಟ್ಟೆ ಕೆಡುತ್ತದೆ. ಹಲ್ಲೂ ಜೀವಮಾನವಿಡೀ ಬೆಳೆಯುವುದರಿಂದ ಹುಲ್ಲು ಅರೆದೇ ಅದು ಸವೆಯಬೇಕು. ಒಣಹುಲ್ಲು ಹಗಲುರಾತ್ರಿ ಎದುರಿಗಿರಲಿ. ಬೆಳೆಯುವ ಮರಿಗೆ ಒಣಗಿಸಿದ ಕುದುರೆಮಸಾಲೆ ಸೊಪ್ಪೂ ಒಳ್ಳೆಯದು. ಅದರಲ್ಲಿ ಪ್ರೋಟೀನು, ಕ್ಯಾಲ್ಸಿಯಂ ಹೆಚ್ಚು. ಆರು ತಿಂಗಳಾದ ಮೇಲೆ ಅದೇ ಕ್ಯಾಲ್ಸಿಯಂ ಮೂತ್ರಕೋಶದಲ್ಲಿ ಕಲ್ಲಾಗಬಹುದು, ಆಗ ನಿಲ್ಲಿಸಿ.

ಬರೀ ಕಾಳು ತಿಂದರೆ ಏನಾಗುತ್ತದೆಂಬುದು 1907ರಲ್ಲೇ ತಿಳಿದಿತ್ತು. ನಾರ್ವೆಯ ಆಕ್ಸೆಲ್ ಹೋಲ್ಸ್ಟ್, ಥಿಯೋಡೋರ್ ಫ್ರೋಲಿಕ್ ನಾವಿಕರನ್ನು ಕಾಡುತ್ತಿದ್ದ ಕಾಯಿಲೆಯೊಂದರ ಮೂಲ ಹುಡುಕುತ್ತ ಗಿನಿಪಿಗ್‌ಗಳಿಗೆ ಧಾನ್ಯವನ್ನಷ್ಟೇ ಕೊಟ್ಟರು. ಅವುಗಳಿಗೆ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆ, ಬಂತು. ನಮ್ಮಂತೆ ಈ ಪ್ರಾಣಿಯೂ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ಕೊರತೆಯಾದರೆ ಕೀಲು ಊದುತ್ತದೆ, ಕೂದಲು ಒರಟಾಗುತ್ತದೆ, ತೂಕ ಏರುವುದಿಲ್ಲ. ದಿನಕ್ಕೊಂದು ಸಣ್ಣ ಹೋಳು ದಪ್ಪಮೆಣಸಿನಕಾಯಿ, ಒಂದೆರಡು ಎಸಳು ಕೊತ್ತಂಬರಿ ಸೊಪ್ಪು ಕೊಡಿ.

ಪಂಜರದೊಳಗೆ

ಕೆಲವು ಸಲ ಮೇವಿದ್ದರೂ ಮರಿಗೆ ದಕ್ಕುವುದಿಲ್ಲ. ದೊಡ್ಡವು ಹುಲ್ಲಿನ ಮುಂದೆ ಕೂತು ಸಣ್ಣದನ್ನು ಮೂತಿಯಿಂದ ತಳ್ಳುತ್ತವೆ. ಹುಲ್ಲನ್ನು ಎರಡು ಮೂಲೆಯಲ್ಲಿಡಿ. ನೀರಿನ ಬಾಟಲಿಯ ಕೊಳವೆ ಮರಿಯ ಬಾಯಿಗೆ ಎಟುಕುತ್ತದೆಯೇ ನೋಡಿ.

ಅರ್ಧ ದಿನ ಏನೂ ತಿನ್ನದಿದ್ದರೆ, ಜೊಲ್ಲು ಸುರಿದರೆ, ಭೇದಿಯಾದರೆ ಅಂದೇ ಪಶುವೈದ್ಯರಿಗೆ ತೋರಿಸಿ. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಕೊಡಬೇಡಿ. ಪೆನಿಸಿಲಿನ್ ಗುಂಪಿನವು ಇದರ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನು ಕೊಂದು ಜೀವಕ್ಕೇ ಕುತ್ತು ತರುತ್ತವೆ.

ಕೊನೆಗೊಂದು ಎಚ್ಚರ. ಹೆಣ್ಣುಮರಿ ತಿಂಗಳಿಗೇ ಬಸಿರಾಗಬಲ್ಲದು. ಗಂಡುಮರಿಗಳನ್ನು ಮೂರು ವಾರಕ್ಕೇ ಬೇರೆ ಮಾಡದಿದ್ದರೆ, ತಕ್ಕಡಿಯಲ್ಲಿ ಏರಿದ ತೂಕ ಮರಿಯದಲ್ಲ, ಮರಿಯೊಳಗಿನ ಮರಿಗಳದ್ದಾಗಿರಬಹುದು.